ಡಗ್ಗಾ ಮಾತಾಡುವುದು ಯಾವಾಗ?

ಬೀದರ, ಭಾಲ್ಕಿ, ಔರಾದ ಕಡೆಯ ಭಜನಾ ಮಂಡಳಿಗಳಲ್ಲಿ ತಬಲಾ ಬಾರಿಸುವವರಿಗೆ ಸಿಗುವ ಶಾಬಾಸ್ ಎರಡು ಬಗೆಯದು. ‘ಕೈ ಭಾಳ ತಯಾರ್ ಅದಾ’ ಎಂಬುದು ಒಂದು. ಬೆರಳು ಚುರುಕು, ಲಯ ಗಟ್ಟಿ, ತಿಹಾಯಿ ಸರಿಯಾಗಿ ಸಮಕ್ಕೆ ಬಂದು ಬೀಳುತ್ತದೆ ಎಂದು ಅದರ ಅರ್ಥ. ‘ಡಗ್ಗಾ ಛಲೋ ಮಾತಾಡ್ತದ’ ಎಂಬುದು ಇನ್ನೊಂದು. ತಬಲಾ ಜೋಡಿಯ ಎಡಗೈ ವಾದ್ಯವಾದ ಡಗ್ಗಾದ ದಪ್ಪ ದನಿ ತುಂಬಿಕೊಂಡು ಬರುತ್ತದೆ, ಹಾಡುವವರ ಬೆನ್ನಿಗೆ ನಿಲ್ಲುತ್ತದೆ ಎಂದು ಇದರ ಅರ್ಥ. ಎರಡೂ ಒಬ್ಬರಿಗೇ ಸಿಗುವುದು ಅಪರೂಪ. ಹೊಸ ಹುಡುಗ ದ್ರುತ್ ಲಯದಲ್ಲಿ ಕಾಯ್ದೆ ಬಿಚ್ಚಿದಾಗ ಪಕ್ಕದಲ್ಲಿ ತಾಳ ಹಿಡಿದು ಕೂತ ಹಿರಿಯರು ‘ಕೈ ಓಡ್ಲತ್ತದಪಾ, ಖರೆ ಡಗ್ಗಾ ಮಾತಾಡವಲ್ದು’ ಅಂದುಬಿಟ್ಟರೆ ತಕರಾರು ಶುರು. ಹುಡುಗನ ಜವಾಬೂ ತಯಾರೇ ಇರುತ್ತದೆ: ‘ಕಾಕಾ, ಕೈ ನಂದು, ದನಿ ಡಗ್ಗಾದ್ದು. ಛಲೋ ಡಗ್ಗಾ ಕೊಡಸ್ರಿ, ಅದೂ ಮಾತಾಡ್ತದ.’

ಇದು ಬೀದರಿನದಷ್ಟೇ ತಕರಾರಲ್ಲ. ಮದುವೆ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಹಿಡಿದವರಿಂದ ಅಮೆರಿಕದ ಸ್ಟುಡಿಯೊಗಳವರೆಗೆ, ಮಂದ್ರ ವಾದ್ಯ ನುಡಿಸುವವರೆಲ್ಲರ ನಡುವೆಯೂ ಅದೇ ಪ್ರಶ್ನೆ ಇದೆ: ನಾದ ದೊಡ್ಡದೋ, ತಯಾರಿ ದೊಡ್ಡದೋ? ಅಭಿರುಚಿಯ ಮಾತೆಂದು ಬಿಟ್ಟುಬಿಡುವ ಪ್ರಶ್ನೆ ಇದಲ್ಲ. ಡಗ್ಗಾದ ಚರ್ಮ, ಬಾರಿಸುವ ಬೆರಳು, ಕೇಳುವ ಕಿವಿ ಮೂರಕ್ಕೂ ಅವುಗಳದೇ ಲೆಕ್ಕಾಚಾರವಿದೆ. ಅದನ್ನು ಬಿಡಿಸಿದರೆ ಕಾಕಾನೂ ಹುಡುಗನೂ ಎಲ್ಲಿ ಸರಿ, ಎಲ್ಲಿ ತಪ್ಪು ಎಂಬುದು ತಿಳಿಯುತ್ತದೆ.

ಕರಿ ಶಾಯಿಯ ಕೆಲಸ

ಮೊದಲು ಹುಡುಗನ ವಾದ. ವಾದ್ಯದ ಪಾಲು ಎಷ್ಟು?

ಬರಿಯ ಚರ್ಮವನ್ನು ದುಂಡನೆಯ ಬಾಯಿಗೆ ಬಿಗಿದು ಬಡಿದರೆ ಒಂದೇ ಸ್ವರ ಹುಟ್ಟುವುದಿಲ್ಲ. ಚರ್ಮ ಇಡಿಯಾಗಿ ಮೇಲೆ ಕೆಳಗೆ ಆಡುವುದು ಒಂದು ಬಗೆಯ ಕಂಪನ. ಅರ್ಧ ಮೇಲೇರಿದಾಗ ಇನ್ನರ್ಧ ಕೆಳಗಿಳಿಯುವುದು ಇನ್ನೊಂದು. ಹೀಗೆ ಹತ್ತಾರು ಬಗೆ ಒಟ್ಟಿಗೇ ನಡೆಯುತ್ತವೆ. ಮೊದಲನೆಯದರ ವೇಗ 1 ಎಂದಿಟ್ಟುಕೊಂಡರೆ ಉಳಿದವು 1.59, 2.14, 2.30, 2.65 ಎಂದು ಹೊಂದಾಣಿಕೆಯಿಲ್ಲದೆ ಹರಡಿಕೊಳ್ಳುತ್ತವೆ. ತಂತಿಯಲ್ಲಾದರೆ ಇವು 1, 2, 3, 4 ಎಂದು ಸಾಲಾಗಿ ನಿಲ್ಲುತ್ತವೆ; ಹಾಗಾಗಿಯೇ ಏಕತಾರಿಯ ಒಂಟಿ ತಂತಿಗೆ ಸ್ವರವಿದೆ. ಸಾದಾ ಚರ್ಮಕ್ಕೆ ಸದ್ದಿದೆ, ಸ್ಪಷ್ಟ ಸ್ವರವಿಲ್ಲ.

ತಬಲಾ, ಮೃದಂಗ ಈ ನಿಯಮವನ್ನು ಹೇಗೆ ಮೀರಿದವು ಎಂದು ಕೇಳಿದವರು ಸಿ.ವಿ. ರಾಮನ್. 1920ರಲ್ಲಿ, ಕಲ್ಕತ್ತೆಯಲ್ಲಿದ್ದಾಗ, ಶಿವಕಾಳಿ ಕುಮಾರ್ ಜೊತೆ ಸೇರಿ ಅವರು ‘ನೇಚರ್’ ಪತ್ರಿಕೆಗೆ ಪುಟ್ಟ ಟಿಪ್ಪಣಿ ಬರೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ, 1934ರಲ್ಲಿ, ಅದನ್ನೇ ವಿಸ್ತರಿಸಿದರು. ಚರ್ಮದ ಮೇಲೆ ನುಣ್ಣನೆಯ ಮರಳು ಉದುರಿಸಿ, ಬಾರಿಸಿದಾಗ ಅದು ಯಾವ ಗೆರೆಗಳಲ್ಲಿ ಕೂಡುತ್ತದೆ ಎಂದು ಫೋಟೊ ತೆಗೆದರು. ಚರ್ಮ ಅಲುಗದ ಜಾಗದಲ್ಲಷ್ಟೇ ಮರಳು ನಿಲ್ಲುತ್ತದೆ. ಕಂಡದ್ದು ಇಷ್ಟು: ಒಂಬತ್ತು ಬಗೆಯ ಕಂಪನಗಳು ಸೇರಿ ಐದೇ ಸ್ವರಗಳಾಗಿ, 1, 2, 3, 4, 5ರ ಸಾಲಿನಲ್ಲಿ ಬಂದು ಕೂತಿದ್ದವು. ಹಾಗೆ ಕೂರಿಸಿದ್ದು ಚರ್ಮದ ಮೇಲಿನ ಕರಿ ಶಾಯಿ.

ಶಾಯಿ ಎಂದರೆ ಕಬ್ಬಿಣದ ಪುಡಿ, ಮಸಿ, ಗಂಜಿ ಕಲಸಿದ ಲೇಪ. ತೆಳುವಾಗಿ ಒಂದು ಪದರ ಹಚ್ಚಿ, ಕಲ್ಲಿನಿಂದ ಉಜ್ಜಿ, ಅದರ ಮೇಲೆ ಇನ್ನೊಂದು ಪದರ, ಮತ್ತೆ ಉಜ್ಜುವುದು. ಹತ್ತಿರದಿಂದ ನೋಡಿದರೆ ಅದರ ತುಂಬ ಕೂದಲೆಳೆಯಷ್ಟು ಬಿರುಕುಗಳ ಬಲೆ ಕಾಣುತ್ತದೆ. ಅದು ದೋಷವಲ್ಲ. ಬಿರುಕಿಲ್ಲದೆ ಗಟ್ಟಿಯಾಗಿ ಕೂತರೆ ಲೇಪ ಚರ್ಮವನ್ನು ಬಾಗಲು ಬಿಡುವುದಿಲ್ಲ. ಬಿರುಕುಗಳಿಂದಾಗಿ ತೂಕವಷ್ಟೇ ಸೇರುತ್ತದೆ, ಪೆಡಸುತನ ಸೇರುವುದಿಲ್ಲ.

ಬಲಗೈಯ ತಬಲಾದಲ್ಲಿ ಶಾಯಿ ನಟ್ಟನಡುವೆ ಇದ್ದರೆ ಡಗ್ಗಾದಲ್ಲಿ ಒಂದು ಪಕ್ಕಕ್ಕೆ ಸರಿದಿರುತ್ತದೆ. ನಡು ತಪ್ಪಿದರೂ ಸ್ವರ ಕೆಡುವುದಿಲ್ಲವೇ? ಈ ಲೆಕ್ಕ ಬಿಡಿಸಿದವರೂ ಬೆಂಗಳೂರಿನವರೇ. ವಿಜ್ಞಾನ ಸಂಸ್ಥೆಯ ಬಿ.ಎಸ್. ರಾಮಕೃಷ್ಣ 1954ರಲ್ಲಿ ಮನಮೋಹನ ಸೋಂಧಿ ಜೊತೆ ಬಲ ತಬಲಾದ ಗಣಿತ ಬರೆದರು. 1957ರಲ್ಲಿ ಡಗ್ಗಾಕ್ಕಾಗಿಯೇ ಪ್ರತ್ಯೇಕ ಪ್ರಬಂಧ ಪ್ರಕಟಿಸಿದರು. ಶಾಯಿ ಪಕ್ಕಕ್ಕೆ ಸರಿದರೂ ಕಂಪನಗಳ ಸಾಲು ಹೆಚ್ಚುಕಡಿಮೆ ಉಳಿಯುತ್ತದೆ. ಹಾಗೆ ಸರಿಸಿದ್ದರಿಂದ ಇನ್ನೊಂದು ಪಕ್ಕದಲ್ಲಿ ಅಗಲವಾದ ಬರಿ ಚರ್ಮ ಸಿಗುತ್ತದೆ. ಮಣಿಕಟ್ಟು ಕೂರುವುದು ಅಲ್ಲಿ.

ಔರಾದ, ಭಾಲ್ಕಿಯ ಗಡಿ ಹಳ್ಳಿಗಳ ವಾರಕರಿ ಸಪ್ತಾಹಗಳಲ್ಲಿ ಶಾಯಿಯ ಇದೇ ಕೆಲಸ ಇನ್ನೂ ಬಿಚ್ಚಿಟ್ಟಂತೆ ಕಾಣುತ್ತದೆ. ಪಖವಾಜದ ಎಡಬಾಯಿಗೆ ಕಾಯಂ ಶಾಯಿ ಇರುವುದಿಲ್ಲ. ಕೀರ್ತನೆಗೆ ಮುಂಚೆ ಗೋಧಿ ಹಿಟ್ಟಿನ ಹಸಿ ಕಣಕ ಒತ್ತುತ್ತಾರೆ. ಒಮ್ಮೆ ಬಾರಿಸುವುದು, ಚಿಟಿಕೆಯಷ್ಟು ಕಿತ್ತು ತೆಗೆಯುವುದು, ಮತ್ತೆ ಬಾರಿಸುವುದು. ತೂಕ ಹೆಚ್ಚಿದರೆ ದನಿ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ರಾತ್ರಿ ಏರಿದಂತೆ ಕಣಕ ಒಣಗಿ ಹಗುರಾಗುತ್ತದೆ, ದನಿಯೂ ಮೆಲ್ಲಗೆ ಮೇಲೇರುತ್ತದೆ. ಆಗ ಬೆರಳಿಗೆ ನೀರು ಮುಟ್ಟಿಸಿಕೊಂಡು ಸವರುತ್ತಾರೆ. ಇಲ್ಲಿಯವರೆಗೆ ಹುಡುಗ ಗೆದ್ದ. ನಾದದ ಅರ್ಧ ಪಾಲು ಬಾರಿಸುವ ಮೊದಲೇ ತೀರ್ಮಾನವಾಗಿರುತ್ತದೆ.

ಆರು ಮಿಲಿಸೆಕೆಂಡು

ಉಳಿದರ್ಧ ಬೆರಳಿನದು. ಲೆಕ್ಕ ಸುಲಭವಾಗಲಿ ಎಂದು ಒಂದು ಡಗ್ಗಾದ ಮೂಲಸ್ವರ 80 ಹರ್ಟ್ಸ್ ಎಂದಿಟ್ಟುಕೊಳ್ಳೋಣ. ಅಂದರೆ ಚರ್ಮ ಸೆಕೆಂಡಿಗೆ 80 ಸಲ ಮೇಲೆ ಕೆಳಗೆ ಆಡುತ್ತದೆ. ಒಂದು ಆಟಕ್ಕೆ ಹಿಡಿಯುವ ಕಾಲ 12.5 ಮಿಲಿಸೆಕೆಂಡು. ‘ಗೆ’ ಎಂಬ ಬೋಲು ಬಾರಿಸಿದಾಗ ಬೆರಳ ತುದಿ ಚರ್ಮವನ್ನು ಕೆಳಕ್ಕೆ ತಳ್ಳುತ್ತದೆ. ಚರ್ಮ ತಿರುಗಿ ಮೇಲೇಳುವುದು ಅರ್ಧ ಆಟದಲ್ಲಿ, ಅಂದರೆ ಸುಮಾರು 6 ಮಿಲಿಸೆಕೆಂಡಿನಲ್ಲಿ. ಅಷ್ಟರೊಳಗೆ ಬೆರಳು ಕಳಚಿಕೊಂಡರೆ ಚರ್ಮ ಬಿಡುಗಡೆಯಾಗಿ ಹಾಡುತ್ತದೆ. ಅಲ್ಲೇ ಉಳಿದರೆ, ಏಳುತ್ತಿರುವ ಚರ್ಮಕ್ಕೆ ಬೆರಳೇ ಅಡ್ಡ. ‘ಗೆ’ ಹೋಗಿ ‘ಧಪ್’ ಆಗುತ್ತದೆ.

ಚರ್ಮ ಮುಟ್ಟಿದ್ದು ಗೊತ್ತಾಗಿ, ಮಿದುಳು ‘ಎತ್ತು’ ಎಂದು ಹೇಳಿ, ಬೆರಳು ಏಳಲು ನೂರು ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಅಷ್ಟರಲ್ಲಿ ಡಗ್ಗಾ ಎಂಟು ಸಲ ಆಡಿ ಮುಗಿಸಿರುತ್ತದೆ. ಹಾಗಾದರೆ 6 ಮಿಲಿಸೆಕೆಂಡಿನಲ್ಲಿ ಬೆರಳು ಏಳುವುದು ಹೇಗೆ? ಅದು ಬಡಿದ ಮೇಲೆ ಮಾಡುವ ನಿರ್ಧಾರವಲ್ಲ. ಮಣಿಕಟ್ಟು ಎಷ್ಟು ಸಡಿಲ, ಬೆರಳ ಗಿಣ್ಣು ಎಷ್ಟು ಬಾಗಿದೆ, ಕೈ ಯಾವ ಎತ್ತರದಿಂದ ಬಂತು ಎಂಬುದೆಲ್ಲ ಬಡಿಯುವ ಮುಂಚೆಯೇ ಸಿದ್ಧವಿರಬೇಕು. ಆಗ ಚರ್ಮವೇ ಬೆರಳನ್ನು ಎತ್ತಿ ಒಗೆಯುತ್ತದೆ. ಕಾದ ಹಂಚು ಮುಟ್ಟಿದ ಬೆರಳಿನಂತೆ ಏಳಬೇಕು ಅನ್ನಬಹುದು, ಆದರೆ ಅದಕ್ಕಿಂತಲೂ ಬೇಗ. ವರ್ಷಗಟ್ಟಲೆ ‘ಗೆ’ ಒಂದನ್ನೇ ಬಾರಿಸಿಸುವ ಗುರುಗಳು ಕಲಿಸುವುದು ಈ ಸಿದ್ಧತೆಯನ್ನೇ. ಕೇಳುವವರು ಅದನ್ನು ನಾದ ಎನ್ನುತ್ತಾರೆ. ಕೈಯ ಮಟ್ಟಿಗೆ ಅದು ಅತ್ಯಂತ ಸೂಕ್ಷ್ಮ ತಯಾರಿ.

ಬಡಿಯುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ರಾಮನ್ ಅವರ ಮರಳು ಎಲ್ಲಿ ನಿಂತಿತೋ ಅಲ್ಲಿ ಬಡಿದರೆ ಆ ಬಗೆಯ ಕಂಪನ ಹುಟ್ಟುವುದಿಲ್ಲ. ಬೆರಳು ಅರ್ಧ ಇಂಚು ಆಚೀಚೆಯಾದರೆ ಐದು ಸ್ವರಗಳ ಪಾಲು ಬದಲಾಗುತ್ತದೆ. ಒಂದೇ ಡಗ್ಗಾದ ಮೇಲೆ ಇಬ್ಬರು ಕೂತರೆ ಎರಡು ದನಿ ಬರುವುದು ಇದರಿಂದಲೇ. ‘ದನಿ ಡಗ್ಗಾದ್ದು’ ಎಂಬ ಹುಡುಗನ ಮಾತು ಇಲ್ಲಿ ಸೋಲುತ್ತದೆ.

ಇನ್ನು ಮಣಿಕಟ್ಟು. ಅದನ್ನು ಒತ್ತಿ ಮುಂದಕ್ಕೆ ಜಾರಿಸಿದರೆ ದನಿ ಮೇಲಕ್ಕೆ ಜಾರುತ್ತದೆ. ಉಸ್ತಾದ್ ಜಾಕಿರ್ ಹುಸೇನರ ಡಗ್ಗಾ ಹಾಡುವಂತೆ ಕೇಳುತ್ತಿದ್ದುದು ಈ ಮೀಂಡಿನಿಂದ. ದನಿಯ ಏರಿಕೆ ಬಿಗಿತದ ವರ್ಗಮೂಲಕ್ಕೆ ತಕ್ಕಂತೆ ಆಗುತ್ತದೆ. 80ರಿಂದ 120ಕ್ಕೆ, ಅಂದರೆ ಸಾದಿಂದ ಪಾಗೆ, ಬಿಗಿತವೊಂದರಿಂದಲೇ ಏರಬೇಕಾದರೆ ಅದು 2.25 ಪಟ್ಟು ಆಗಬೇಕು. ಮೇಲಿನ ಸಾಗೆ ಹೋಗಲು ನಾಲ್ಕು ಪಟ್ಟು. ಮಣಿಕಟ್ಟು ಆಡುವ ಚರ್ಮದ ಅಗಲವನ್ನೂ ಕಿರಿದುಗೊಳಿಸುವುದರಿಂದ ಕೆಲಸ ಸ್ವಲ್ಪ ಹಗುರಾಗುತ್ತದೆ. ಆದರೂ ಮೇಲೆ ಹೋದಂತೆ ಒತ್ತಡ ಬೇಗಬೇಗ ಹೆಚ್ಚಬೇಕು, ದನಿ ಮಾತ್ರ ಒಂದೇ ಸಮ ಜಾರಬೇಕು. ಈ ವರ್ಗಮೂಲವನ್ನು ಅಂಗೈಯಲ್ಲಿ ಬಿಡಿಸುವುದು ಓಡುವ ಬೆರಳಿಗಿಂತ ಕಡಿಮೆ ವಿದ್ಯೆಯೇನಲ್ಲ.

ಕಿವಿ ಮಾಡುವ ತಾರತಮ್ಯ

ದನಿ ಹುಟ್ಟಿದರಾಯಿತೇ, ಕಿವಿಗೆ ಮುಟ್ಟಬೇಕಲ್ಲ. ನಮ್ಮ ಕಿವಿ ಮಂದ್ರಕ್ಕೆ ಅರೆಕಿವುಡು. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಇದನ್ನು ಅಳೆದು ತೋರಿಸಿದರು. ಇಂದಿನ ಅಂತರರಾಷ್ಟ್ರೀಯ ಮಾನಕದ ಪ್ರಕಾರ 1,000 ಹರ್ಟ್ಸ್‌ನ ಸದ್ದು 2-3 ಡೆಸಿಬೆಲ್ ಇದ್ದರೂ ಎಳೆಯ ಕಿವಿಗೆ ಕೇಳುತ್ತದೆ. 80 ಹರ್ಟ್ಸ್‌ನದು ಕೇಳಲು 31 ಡೆಸಿಬೆಲ್ ಬೇಕು. ಶಕ್ತಿಯ ಲೆಕ್ಕದಲ್ಲಿ ಇದು ಸುಮಾರು 800 ಪಟ್ಟು. ಹೀಗಾಗಿ ಹಾಡಿನ ಸದ್ದು ತಗ್ಗಿಸಿದಾಗ ಮೊದಲು ಕಾಣೆಯಾಗುವುದು ಡಗ್ಗಾ.

ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ 80 ಹರ್ಟ್ಸ್ ಹೆಚ್ಚುಕಡಿಮೆ ಹೊರಬರುವುದೇ ಇಲ್ಲ; ಆದರೂ ಒಳ್ಳೆಯ ಡಗ್ಗಾದ ದನಿ ಅದರಲ್ಲೂ ಗುರುತು ಸಿಗುತ್ತದಲ್ಲ? ಜರ್ಮನಿಯ ಆಗಸ್ಟ್ ಸೀಬೆಕ್ 1840ರ ದಶಕದಲ್ಲಿ ಸೈರನ್ ಇಟ್ಟುಕೊಂಡು ಗಮನಿಸಿದ ಸಂಗತಿಯೇ ಇದಕ್ಕೆ ಉತ್ತರ. 160, 240, 320 ಎಂಬ ಮೇಲಿನ ಸ್ವರಗಳು ಸಾಲಾಗಿ ಬಂದರೆ, ಅವುಗಳ ನಡುವಿನ ಅಂತರದಿಂದಲೇ ಕಿವಿ ಇಲ್ಲದ 80ನ್ನು ತುಂಬಿಕೊಳ್ಳುತ್ತದೆ. ಶಾಯಿ ಸರಿ ಕೂತು, ಬೆರಳು ಸರಿಯಾಗಿ ಎದ್ದು, ಸಾಲು ಸ್ವಚ್ಛವಾಗಿದ್ದರೆ ಮಾತ್ರ ಈ ಉಪಕಾರ. ಸಾಲು ಕಲಸಿಹೋದರೆ ಕಿವಿಗೆ ಊಹಿಸಲು ಏನೂ ಉಳಿಯುವುದಿಲ್ಲ. ‘ಮಾತಾಡವಲ್ದು’ ಎಂಬ ದೂರಿನ ಹಿಂದಿರುವ ಭೌತಶಾಸ್ತ್ರ ಬಹುಮಟ್ಟಿಗೆ ಇದೇ.

ಸದ್ದು ಕೇಳುವುದರಲ್ಲಿ ಮಂದ್ರಕ್ಕೆ ಅನ್ಯಾಯ ಮಾಡಿದ ಕಿವಿ, ಕಾಲದ ವಿಷಯದಲ್ಲಿ ಅದಕ್ಕೇ ಪಟ್ಟ ಕಟ್ಟಿದೆ. ಮೈಕೆಲ್ ಹೋವ್, ಲಾರೆಲ್ ಟ್ರೇನರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಿಯಾನೊದ ಒಂದು ತಗ್ಗಿನ ಸ್ವರ, ಒಂದು ಮೇಲಿನ ಸ್ವರ ಒಟ್ಟಿಗೆ ಬರುತ್ತಿದ್ದವು. ನಡುನಡುವೆ ಯಾವುದಾದರೊಂದು 50 ಮಿಲಿಸೆಕೆಂಡು ಮುಂಚೆ ಬೀಳುತ್ತಿತ್ತು. ತಗ್ಗಿನ ಸ್ವರ ತಪ್ಪಿದಾಗ ಮಿದುಳಿನ ವಿದ್ಯುತ್ ಪ್ರತಿಕ್ರಿಯೆ ಹೆಚ್ಚು. ತಾಳ ಕುಟ್ಟುತ್ತಿದ್ದ ಬೆರಳೂ ಅದರ ಜೊತೆಗೇ ಹೆಚ್ಚು ಅಲುಗಿತು. ಲಯವನ್ನು ನಾವು ಹಿಡಿಯುವುದು ಮಂದ್ರದ ಕೈಯಿಂದ. ಬಲಗೈ ಸ್ವಲ್ಪ ತಪ್ಪಿದರೆ ಸಭೆ ಸಹಿಸುತ್ತದೆ, ಡಗ್ಗಾ ತಪ್ಪಿದರೆ ತಾಳ ಹಾಕುತ್ತಿರುವ ಕೈಯೇ ತಪ್ಪುತ್ತದೆ.

ಕಿವಿಗೆ ನಿಲುಕದ ಮಂದ್ರವೂ ಮೈಗೆ ತಟ್ಟುತ್ತದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಒಂದು ಸಂಗೀತ ಕಛೇರಿಯ ನಡುವೆ, ಕೇಳುಗರಿಗೆ ಗೊತ್ತಾಗದಷ್ಟು ತಗ್ಗಿನ ಸದ್ದನ್ನು ಆಗಾಗ ಹಚ್ಚಿ ಆರಿಸಿದರು. ಹಚ್ಚಿದ ಹೊತ್ತಿನಲ್ಲಿ ಜನರ ಕುಣಿತ ಸುಮಾರು ಶೇಕಡಾ 12ರಷ್ಟು ಹೆಚ್ಚಿತ್ತು ಎಂದು 2022ರಲ್ಲಿ ವರದಿ ಮಾಡಿದರು. ಹಲಗೆಯ ಮೆರವಣಿಗೆಯ ಹಿಂದೆ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವೇಗಕ್ಕೆ ಕಟ್ಟಬೇಕಾದ ಬೆಲೆ

ಹಾಗಾದರೆ ಕಾಕಾ ದೂರಿದ ‘ಓಡುವ ಕೈ’ ಎಲ್ಲಿ ಎಡವುತ್ತದೆ? ಸ್ವರವೆಂದರೆ ಪುನರಾವರ್ತನೆ. ಕೆಲವು ಕಂಪನಗಳಾದರೂ ಬಂದು ಹೋಗದೆ ಇದು ಯಾವ ಸ್ವರ ಎಂದು ಕಿವಿ ಹೇಳಲಾರದು. 1946ರಲ್ಲಿ ಡೆನಿಸ್ ಗೇಬರ್ ಇದನ್ನು ಗಣಿತದಲ್ಲಿ ಕಟ್ಟಿಕೊಟ್ಟರು: ಸದ್ದು ಚಿಕ್ಕದಾದಷ್ಟೂ ಅದರ ಸ್ವರದ ಗುರುತು ಮಸುಕಾಗುತ್ತದೆ.

ನಿಮಿಷಕ್ಕೆ 240 ಮಾತ್ರೆಯ ದ್ರುತ್, ಮಾತ್ರೆಗೆ ನಾಲ್ಕು ಬೋಲು ಎನ್ನಿ. ಒಂದು ಬೋಲಿಗೆ ಸಿಗುವುದು 62.5 ಮಿಲಿಸೆಕೆಂಡು. ಕರಿ ಒಂದಕ್ಕೆ, ಅಂದರೆ ಸುಮಾರು 277 ಹರ್ಟ್ಸ್‌ಗೆ, ಕೂಡಿಸಿದ ಬಲ ತಬಲಾಗೆ ಅಷ್ಟರಲ್ಲಿ 17 ಕಂಪನ ಸಿಗುತ್ತವೆ. 80 ಹರ್ಟ್ಸ್‌ನ ಡಗ್ಗಾಗೆ ಸಿಗುವುದು ಐದೇ ಐದು. ಬಲಗೈ ಆ ವೇಗದಲ್ಲೂ ಹಾಡಬಹುದು, ಎಡಗೈ ಅದೇ ವೇಗದಲ್ಲಿ ಪ್ರತಿ ಬೋಲನ್ನೂ ತುಂಬಿದರೆ ಬರಿ ಗುಡುಗು. ಇದು ಯಾರ ಕೈಯ ಸೋಲೂ ಅಲ್ಲ, ಮಂದ್ರದ ಗುಣವೇ ಅಂಥದು. ಜೊತೆಗೆ ತಗ್ಗಿನ ಸದ್ದು ಮೇಲಿನ ಸದ್ದನ್ನು ಮುಚ್ಚುತ್ತದೆ. ಮೇಲಿನದು ತಗ್ಗನ್ನು ಅಷ್ಟಾಗಿ ಮುಚ್ಚುವುದಿಲ್ಲ. ಗುಡುಗುವ ಡಗ್ಗಾ ತನ್ನ ದನಿ ಕಳೆದುಕೊಳ್ಳುವುದರ ಜೊತೆಗೆ ಹಾಡುವವರ ಮಾತನ್ನೂ ನುಂಗುತ್ತದೆ. ವಚನ ಗಾಯನದಲ್ಲಿ ಮಾತು ನುಂಗಿದರೆ ಉಳಿಯುವುದಾದರೂ ಏನು?

ಹಳೆಯ ಠೇಕಾಗಳು ಈ ಲೆಕ್ಕವನ್ನು ಮೊದಲೇ ಮಾಡಿಟ್ಟಿವೆ. ಭಜನೆಯ ಕೇರವಾ ತೆಗೆದುಕೊಳ್ಳಿ: ಧಾ ಗೆ ನ ತಿ, ನ ಕ ಧಿ ನ. ಎಂಟು ಮಾತ್ರೆಗಳಲ್ಲಿ ಡಗ್ಗಾ ಬಾಯಿ ಬಿಡುವುದು ಮೂರು ಕಡೆ, ಒಂದನೆಯದು, ಎರಡನೆಯದು, ಏಳನೆಯದು. ಆರನೆಯ ‘ಕ’ ಮುಚ್ಚಿದ ಅಂಗೈಯ ಸದ್ದು. ‘ಗೆ’ಯ ನಂತರ ‘ಕ’ದವರೆಗೆ ಮೂರು ಮಾತ್ರೆ ಅದಕ್ಕೆ ಉಸಿರು. ಐದನೆಯ ಮಾತ್ರೆ ಖಾಲಿ ಎಂದು ಕಿವಿಗೆ ತಿಳಿಯುವುದೂ ಅಲ್ಲಿ ಮಂದ್ರ ಇಲ್ಲದ್ದರಿಂದಲೇ. ತೀನತಾಲದ ಖಾಲಿಯಲ್ಲೂ ಇದೇ ಉಪಾಯ. ಡಗ್ಗಾದ ಜಾಣತನದಲ್ಲಿ ದೊಡ್ಡ ಪಾಲು ಬಾರಿಸದಿರುವುದು.

ಅಮೆರಿಕದ ಡೆಟ್ರಾಯಿಟಿನಲ್ಲಿ ಜೇಮ್ಸ್ ಜೇಮರ್ಸನ್ (1936-1983) ಎಂಬ ಬೇಸ್ ಗಿಟಾರ್ ವಾದಕ 1960ರ ದಶಕದಲ್ಲಿ ಮೋಟೌನ್ ರೆಕಾರ್ಡ್ ಕಂಪನಿಯ ಬಹುಪಾಲು ಹಾಡುಗಳಿಗೆ ಬೆನ್ನೆಲುಬಾಗಿದ್ದರು. ತಂತಿ ಮೀಟಲು ಅವರು ಬಳಸುತ್ತಿದ್ದುದು ಬಲಗೈಯ ತೋರುಬೆರಳೊಂದೇ. ದಪ್ಪನೆಯ ನುಣುಪು ತಂತಿಗಳನ್ನು ಸುಲಭಕ್ಕೆ ಬದಲಿಸುತ್ತಿರಲಿಲ್ಲ. ತಂತಿಯ ಬುಡಕ್ಕೆ ತಾಗುವಂತೆ ಫೋಮ್ ಇಟ್ಟು ದನಿಯ ಬಾಲವನ್ನು ಕತ್ತರಿಸುತ್ತಿದ್ದರು. ಅವರು ಹೆಣೆದ ಸಾಲುಗಳು ಇಂದಿಗೂ ಕಲಿಯುವವರನ್ನು ಬೆವರಿಳಿಸುತ್ತವೆ. ಬಾಲ ಕತ್ತರಿಸಿದ್ದರಿಂದಲೇ ಆ ಚುರುಕು ಸಾಲುಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗಲಿಲ್ಲ. ನಾದವನ್ನು ತಿದ್ದಿಕೊಂಡಿದ್ದೇ ಅವರ ತಯಾರಿಗೆ ದಾರಿ ಮಾಡಿತು.

ಮಳೆ ಮತ್ತು ಗೋಡೆ

ವಾದ್ಯ, ಕೈ, ಕಿವಿಗಳ ಆಚೆ ಇನ್ನಿಬ್ಬರು ಪಾಲುದಾರರಿದ್ದಾರೆ. ಬೀದರ ಸೀಮೆಯಲ್ಲಿ ಭಜನೆಯ ಸುಗ್ಗಿ ಶ್ರಾವಣ. ಮಳೆಯ ತೇವದ ಕಾಲ. ಆಡಿನ ಚರ್ಮ ಗಾಳಿಯ ತೇವ ಹೀರಿ ಭಾರವಾಗುತ್ತದೆ, ಸಡಿಲವಾಗುತ್ತದೆ. ಎರಡೂ ದನಿಯನ್ನು ಕೆಳಗೆಳೆಯುತ್ತವೆ. ಬಲ ತಬಲಾ ಇಳಿದರೆ ಮರದ ಗಟ್ಟಾ ಕುಟ್ಟಿ ಏರಿಸುತ್ತಾರೆ. ಇಳಿದ ಡಗ್ಗಾವನ್ನು ಹಲವರು ಹಾಗೇ ಬಿಡುತ್ತಾರೆ, ದಪ್ಪ ದನಿ ತಾನೇ ಎಂದು. ಸಡಿಲ ಚರ್ಮ ಬೆರಳನ್ನು ಎತ್ತಿ ಒಗೆಯುವುದಿಲ್ಲ, ಆರು ಮಿಲಿಸೆಕೆಂಡಿನ ಸಿದ್ಧತೆ ಅಲ್ಲೇ ವ್ಯರ್ಥ. ಹಲಗೆಯವರು ಈ ತಪ್ಪು ಮಾಡುವುದಿಲ್ಲ. ಬೆಂಕಿಗೆ ಹಿಡಿದು, ಬೆರಳಲ್ಲಿ ತಟ್ಟಿ ನೋಡಿ, ಖಣ್ ಎಂದ ಮೇಲೆಯೇ ಹೆಗಲಿಗೆ ಹಾಕುತ್ತಾರೆ.

ಗೋಡೆಯದು ಇನ್ನೊಂದು ಆಟ. 80 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 4.3 ಮೀಟರ್, ಅಂದರೆ 14 ಅಡಿ. ಗುಡಿಯ ಕಲ್ಲಿನ ಪಡಸಾಲೆ ಸರಿಯಾಗಿ ಅಷ್ಟೇ ಅಗಲವಿದ್ದರೆ ಅಲೆ ಎರಡು ಗೋಡೆಗಳ ನಡುವೆ ನಿಂತುಬಿಡುತ್ತದೆ. ಗೋಡೆಗೆ ಒರಗಿ ಕೂತವರಿಗೂ ನಟ್ಟನಡುವೆ ಕೂತವರಿಗೂ ಡಗ್ಗಾ ಎದೆಗೆ ಗುದ್ದುತ್ತದೆ. ಗೋಡೆಯಿಂದ ಮೂರೂವರೆ ಅಡಿ ಈಚೆ ಕೂತವರಿಗೆ ಮೂಲಸ್ವರವೇ ಇಲ್ಲ. ಒಂದೇ ಭಜನೆ ಕೇಳಿ ಎದ್ದ ಇಬ್ಬರು ಡಗ್ಗಾದ ಬಗ್ಗೆ ಜಗಳವಾಡಿದರೆ ಇಬ್ಬರೂ ಸತ್ಯವನ್ನೇ ಹೇಳುತ್ತಿರಬಹುದು. ಔರಾದಿನ ಅಮರೇಶ್ವರನ ಜಾತ್ರೆಯ ಬಯಲಿನಲ್ಲಿ ಈ ತೊಂದರೆಯಿಲ್ಲ; ಅಲ್ಲಿ ಗೋಡೆಯೇ ಇಲ್ಲದೆ ಮಂದ್ರ ಸುತ್ತಲೂ ಹರಡಿ ತೆಳುವಾಗುತ್ತದೆ. ಒಳಗೆ ಕೇಳಿದ್ದ ಗತ್ತು ಬಯಲಲ್ಲಿ ಬೇಕೆಂದು ಜೋರಾಗಿ ಬಡಿದರೆ ಮೇಲಿನ ಕಂಪನಗಳ ಗದ್ದಲವೂ ಜೊತೆಗೇ ಹೆಚ್ಚುತ್ತದೆ; ಅಲ್ಲಿ ಮೈಕನ್ನು ಡಗ್ಗಾದ ಹತ್ತಿರಕ್ಕೆ ತರುವುದೇ ಸರಿಯಾದ ದಾರಿ.

ಹಾಗಾದರೆ ತೀರ್ಪು?

ನಾದ ಒಂದು ಕಡೆ, ತಯಾರಿ ಇನ್ನೊಂದು ಕಡೆ ಎಂಬ ಹಂಚಿಕೆಯೇ ಮಂದ್ರ ವಾದ್ಯಕ್ಕೆ ಒಪ್ಪುವುದಿಲ್ಲ. ಬೆರಳು ಏಳುವ ಕ್ಷಣ, ಬೀಳುವ ಜಾಗ, ಮಣಿಕಟ್ಟಿನ ಒತ್ತಡ, ಮೌನದ ಅಳತೆ ಇವೆಲ್ಲವೂ ತಯಾರಿಯೇ. ಅವುಗಳ ಫಲ ನಾದ. ನಾದಕ್ಕೆ ನಿಜವಾದ ಪೈಪೋಟಿ ಇರುವುದು ವೇಗದ ಜೊತೆ, ಏಕೆಂದರೆ ಎರಡಕ್ಕೂ ಬೇಕಾದದ್ದು ಅದೇ ಕಾಲ. ಬಲಗೈಗೆ ಆ ಕಾಲ ಧಾರಾಳವಾಗಿದೆ, ಎಡಗೈಗೆ ಇಲ್ಲ. ಆದ್ದರಿಂದ ಎರಡರಲ್ಲೊಂದು ಬಿಡಲೇಬೇಕಾದ ಕಡೆ ಡಗ್ಗಾ ಬಾರಿಸುವವರು ವೇಗವನ್ನು ಬಿಡುವುದು ಲೇಸು. ಕಾಕಾ ಗೆದ್ದಂತಾಯಿತು, ಆದರೆ ಅವರು ಕೇಳುತ್ತಿದ್ದುದು ಕಡಿಮೆ ತಯಾರಿಯನ್ನಲ್ಲ, ಇನ್ನೂ ಹೆಚ್ಚಿನದನ್ನು.

ಕಲಿಯುವವರು ಇದನ್ನು ಮನೆಯಲ್ಲೇ ಅಳೆದುಕೊಳ್ಳಬಹುದು. ಮೊಬೈಲನ್ನು ಕೋಣೆಯ ಇನ್ನೊಂದು ಮೂಲೆಯಲ್ಲಿಟ್ಟು ಕೇರವಾವನ್ನು ವಿಲಂಬಿತದಲ್ಲಿ ಬಾರಿಸಿ, ರೆಕಾರ್ಡ್ ಮಾಡಿ, ಅದರ ಸಣ್ಣ ಸ್ಪೀಕರಿನಲ್ಲೇ ಕೇಳಿ. ‘ಗೆ’ ಬಂದಾಗ ಅದರ ಸ್ವರವನ್ನು ಗುನುಗಲು ಆಗಬೇಕು. ಗುನುಗಲು ಬಂದರೆ ಲಯ ಸ್ವಲ್ಪ ಏರಿಸಿ, ಮತ್ತೆ ಕೇಳಿ, ಮತ್ತೆ ಏರಿಸಿ. ಯಾವ ಲಯದಲ್ಲಿ ಗುನುಗಲು ಸ್ವರ ಸಿಗದೆ ಬರಿ ಸದ್ದು ಉಳಿಯುತ್ತದೋ, ಅದರ ಹಿಂದಿನ ಲಯವೇ ಸದ್ಯಕ್ಕೆ ನಿಮ್ಮ ಎಡಗೈಯ ತಯಾರಿ. ಬೆರಳು ಅದಕ್ಕಿಂತ ಬೇಗ ಓಡಿದರೂ ಆ ಓಟವನ್ನು ಲೆಕ್ಕಕ್ಕೆ ಹಿಡಿಯಬೇಡಿ.